ತಂಡ ಬಿಡುವ ಮುನ್ನ

2024ರ ಶ್ರಾವಣದ ಒಂದು ಸಂಜೆ. ಪುಣೆಯ ಮಳೆ ಬೆಳಗಿನಿಂದ ಜಿಟಿಜಿಟಿ ಹಿಡಿದಿತ್ತು. ನಾವು ಮನೆಯಲ್ಲಿ ಕುಳಿತು ಎಂಟನೆಯ ತರಗತಿಯ ವ್ಯಾಕರಣದ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆವು. ಬಾಗಿಲಲ್ಲಿ ಯಾರೋ ಬೂಟು ಬಿಚ್ಚುವ ಸಪ್ಪಳವಾಯಿತು. ನೋಡಿದರೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಆಗ ಅವನು ಇದೇ ಊರಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದನು. ಆ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಆಟಗಾರನೂ ಆಗಿದ್ದನು.

ಚಹಾ ಕುಡಿದು ಮುಗಿಸುವವರೆಗೂ ಅವನು ಬಾಯಿ ಬಿಡಲಿಲ್ಲ. ಆಮೇಲೆ ಬಟ್ಟಲನ್ನು ಕೆಳಗಿಟ್ಟು ಅಂದನು:

"ಸರ್, ನಾ ಆ ಕಾಲೇಜ್ ಬಿಡಬೇಕಂತ ಮಾಡೀನ್ರಿ."

"ಯಾಕಪ್ಪಾ, ಏನಾಯಿತು?"

"ಕೋಚ್ ಅವರ ಪದ್ಧತಿ ನನಗ ಒಗ್ಗವಲ್ದು. ಬುಟ್ಟಿ ಕಣ್ಣ ಮುಂದ ಕಂಡರೂ ಚೆಂಡು ಒಗೆಯೂಹಂಗಿಲ್ಲ. ನಾಲ್ಕು ಪಾಸು ಆಗಬೇಕು. ಹೋದ ವಾರ ದೂರದಿಂದ ಒಗೆದೆ. ಚೆಂಡು ಒಳಗ ಬಿತ್ತು. ಆದರೂ ನನ್ನನ್ನ ಹೊರಗ ಕೂಡಿಸಿದರು. ಅವರು ಮರಾಠಿಯೊಳಗ ಬೈತಾರ, ನಾ ಕನ್ನಡದಾಗ ಸಿಟ್ಟಾಗತೀನಿ. ಬ್ಯಾರೆ ಕಾಲೇಜಿನವರು ಕರೀಲಿಕ್ಕತ್ತಾರ."

ನಾವು ನಕ್ಕೆವು, ಅವನು ನಗಲಿಲ್ಲ. ಸ್ವಲ್ಪ ಹೊತ್ತು ತಡೆದು, ನೆಲವನ್ನೇ ನೋಡುತ್ತ ಅವನಾಡಿದ ಮಾತು ನಮ್ಮ ನಗೆಯನ್ನು ಅಲ್ಲಿಯೇ ನಿಲ್ಲಿಸಿತು.

"ಆವತ್ತು ಅವನನ್ನ ನೀವು ಸುಮ್ಮನ ಹೋಗಗೊಡಲಿಲ್ರಿ ಸರ್. ಅದಕ್ಕ ಮೊದಲು ನಿಮ್ಮನ್ನ ಕೇಳಿಯೇ ಹೋಗಬೇಕಂತ ಬಂದೆ."

'ಅವನು' ಯಾರೆಂಬುದನ್ನು ನಾವು ಕೇಳಬೇಕಾಗಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಆ ಸಂಗತಿಯನ್ನು ಇಂದು ನಿಮ್ಮ ಮುಂದೆ ಹೇಳಿಬಿಡುವುದೇ ಒಳ್ಳೆಯದು. ನಾವು ವಿಜಯಪುರ ಜಿಲ್ಲೆಯ ಹಳ್ಳಿಯವರು. ಕನ್ನಡ ಮಾಧ್ಯಮದಲ್ಲಿಯೇ ಮ್ಯಾಟ್ರಿಕ್ ಮುಗಿಸಿದವರು. ನಮ್ಮೂರಿನಲ್ಲಿ ನಾವು ಬಲ್ಲ ಆಟಗಳೆಂದರೆ ಖೋ ಖೋ ಮತ್ತು ಕಬಡ್ಡಿ. ಬಾಸ್ಕೆಟ್‌ಬಾಲಿನ ರಿಂಗನ್ನು ಹತ್ತಿರದಿಂದ ಕಂಡದ್ದೇ ಪುಣೆಗೆ ನೌಕರಿಗೆ ಬಂದ ಮೇಲೆ. ಆದರೂ ಶಾಲೆಯ ತಂಡವನ್ನು ನೋಡಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಾಗ ಪುಸ್ತಕ ಓದಿ, ಬೇರೆಯವರ ಆಟ ನೋಡಿ ಕಲಿತೆವು. ಹೊಸದಾಗಿ ಕಲಿತವನಿಗೆ ಹಟ ಹೆಚ್ಚು. ಮೂರು ಪಾಸು ಆಗುವವರೆಗೆ ಯಾರೂ ಬುಟ್ಟಿಗೆ ಗುರಿಯಿಡಕೂಡದೆಂದು ನಾವು ಕಟ್ಟಳೆ ಮಾಡಿದೆವು.

2018ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಎತ್ತರದ ಹುಡುಗನಿದ್ದನು. ಅವನ ಕೈಗೆ ಚೆಂಡು ಬಂದರೆ ಮೂರರ ಲೆಕ್ಕ ಅವನಿಗೆ ನೆನಪಿರುತ್ತಿರಲಿಲ್ಲ. ನಾವು ಅವನನ್ನು ಎಲ್ಲರೆದುರು ಬೈದೆವು. ಒಮ್ಮೆ ಬೇರೆ ಶಾಲೆಯವರು ನೋಡುತ್ತಿರುವಾಗಲೇ ಅಂಗಳದಿಂದ ಎಳೆದು ತಂದು ಕೂಡಿಸಿದೆವು. ಜುಲೈ ತಿಂಗಳಲ್ಲಿ ಅವನು ಬೇರೊಂದು ಶಾಲೆಗೆ ಸೇರಲು ನಿಶ್ಚಯಿಸಿದನು. ಅವನ ತಂದೆ ಗೌಂಡಿ ಕೆಲಸ ಮಾಡುವವರು. ಅರ್ಧ ದಿನದ ಕೂಲಿ ಬಿಟ್ಟು ಬಂದು, ಸಿಮೆಂಟು ಮೆತ್ತಿದ ಕೈಗಳನ್ನು ಜೋಡಿಸಿ, "ನಿಮ್ಮ ಹುಡುಗನೇ ಅದಾನ್ರಿ ಸರ್, ದಾಖಲೆ ಕೊಡಸ್ರಿ" ಅಂದರು. ಶಾಲೆ ಬಿಟ್ಟ ದಾಖಲೆಯ ಅರ್ಜಿಗೆ ವರ್ಗಶಿಕ್ಷಕರಾದ ನಮ್ಮ ಸಹಿ ಬೀಳಬೇಕಾಗಿತ್ತು. ನಾವು ಆ ಅರ್ಜಿಯನ್ನು ಮೇಜಿನ ಸೆಳೆಖಾನೆಯಲ್ಲಿಟ್ಟು ನಾಲ್ಕು ದಿನ ಸುಮ್ಮನಿದ್ದೆವು. ಬೇರೆ ಕೆಲಸವಿತ್ತೆಂದು ನಮಗೆ ನಾವೇ ಹೇಳಿಕೊಂಡೆವು. ಐದನೆಯ ದಿನ ಸಹಿ ಮಾಡಿದೆವು. ಅಷ್ಟರಲ್ಲಿ ಹೊಸ ಶಾಲೆಯವರು ಪಂದ್ಯಗಳಿಗೆ ಹೆಸರು ಕಳಿಸುವ ದಿನ ಮೀರಿಹೋಗಿತ್ತು. ಹುಡುಗನು ಆ ವರ್ಷವೆಲ್ಲ ಕಟ್ಟೆಯ ಮೇಲೆ ಕುಳಿತು ಪರರ ಆಟ ನೋಡಿದನು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ.

ಈಗ ನಮ್ಮೆದುರು ಕುಳಿತಿದ್ದವನು ಅಂದು ಎಂಟನೆಯ ತರಗತಿಯಲ್ಲಿದ್ದು, ಅದೇ ತಂಡದಲ್ಲಿ ಆಡುತ್ತಿದ್ದವನು. ಎಲ್ಲವನ್ನೂ ಕಂಡಿದ್ದನು.

ನಾವೇ ಊರು ಬಿಟ್ಟು ಬಂದವರು. ಹೆಚ್ಚಿನ ಸಂಬಳಕ್ಕಾಗಿ, ಬೇರೆ ಬಾಳಿಗಾಗಿ ಭೀಮಾ ನದಿಯನ್ನು ದಾಟಿ ಬಂದ ನಮ್ಮನ್ನು ಊರಿನ ಯಾರೂ ದ್ರೋಹಿಯೆನ್ನಲಿಲ್ಲ. ಬುತ್ತಿ ಕಟ್ಟಿ ಕಳಿಸಿದರು. ಹೀಗಿರುವಾಗ ಒಂದು ಚೆಂಡಿನ ಆಟಕ್ಕಾಗಿ ಶಾಲೆ ಬದಲಿಸಿದ ಹದಿನಾಲ್ಕರ ಹುಡುಗನ ಮೇಲೆ ನಾವು ಮುನಿದಿದ್ದೆವು.

ಅಂದು ಸಂಜೆ ಬಂದವನಿಗೆ ಒಮ್ಮೆಲೇ ಬುದ್ಧಿ ಹೇಳಲು ನಮಗೆ ಬಾಯಿ ಬರಲಿಲ್ಲ. ಆಟದ ಕಥೆಯನ್ನೇ ಹೇಳತೊಡಗಿದೆವು. 1891ರ ಡಿಸೆಂಬರದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಶಿಕ್ಷಕರು, ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ, ವ್ಯಾಯಾಮಶಾಲೆಯ ಬಾಲ್ಕನಿಗೆ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಈ ಆಟವನ್ನು ಹುಟ್ಟಿಸಿದರು. ಅವರು ಬರೆದ 13 ನಿಯಮಗಳ ಪ್ರಕಾರ ಚೆಂಡನ್ನು ಹಿಡಿದವನು ಓಡಕೂಡದು; ಹಿಡಿದ ಸ್ಥಳದಿಂದಲೇ ಅದನ್ನು ಎಸೆಯಬೇಕು. ಚೆಂಡನ್ನು ಪುಟಿಸುತ್ತ ಒಬ್ಬನೇ ಮುನ್ನುಗ್ಗುವ ಆಟ ಆಮೇಲೆ ಬೆಳೆದುಬಂದದ್ದು. "ನೋಡು, ನಿನ್ನ ಕೋಚ್ ಕೇಳುವುದು ಈ ಆಟದ ಹುಟ್ಟುಗುಣವನ್ನೇ. ಆದರೆ ನೀನು ಆಡುವುದೂ ಅದೇ ಆಟ ಬೆಳೆದ ಬಗೆ. ಇಬ್ಬರಲ್ಲಿ ಯಾರೂ ಸುಳ್ಳಲ್ಲ" ಎಂದೆವು. ಆಟವನ್ನು ಹುಟ್ಟಿಸಿದ ಆ ಮಹನೀಯರೇ ಮುಂದೆ ಕಾನ್ಸಾಸ್ ವಿಶ್ವವಿದ್ಯಾಲಯದ ತಂಡವನ್ನು ನಡೆಸಿದಾಗ 55 ಪಂದ್ಯ ಗೆದ್ದು 60 ಪಂದ್ಯ ಸೋತರೆಂದು ತಿಳಿಸಿದಾಗ ಹುಡುಗನ ಮುಖದಲ್ಲಿ ಮೊದಲ ಸಲ ನಗೆ ಕಂಡಿತು.

ಅದೇ ದೇಶದಲ್ಲಿ ಲ್ಯಾರಿ ಬರ್ಡ್ ಎಂಬ ಹಳ್ಳಿಯ ಕಡೆಯ ಹುಡುಗನು 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿಯ ತರಬೇತುದಾರರು ಕಠಿಣ ಶಿಸ್ತಿಗೆ ಹೆಸರಾದ ಬಾಬ್ ನೈಟ್. ಬರ್ಡನಿಗೆ ಅಂಜಿಕೆಯಾದದ್ದು ತರಬೇತುದಾರರಿಗಿಂತ ಹೆಚ್ಚಾಗಿ ಆ ಸ್ಥಳದ ದೊಡ್ಡಸ್ತಿಕೆಗೆ, ಸಾವಿರಾರು ಅಪರಿಚಿತ ಮುಖಗಳಿಗೆ. ತಿಂಗಳು ತುಂಬುವ ಮೊದಲೇ ಅವನು ಊರಿಗೆ ಹಿಂದಿರುಗಿ, ಊರಾಡಳಿತದ ಕಸದ ಗಾಡಿಯಲ್ಲಿ ದುಡಿದನು. ಮರುವರ್ಷ ಇಂಡಿಯಾನಾ ಸ್ಟೇಟ್ ಎಂಬ ಚಿಕ್ಕ ವಿಶ್ವವಿದ್ಯಾಲಯವನ್ನು ಸೇರಿ, ಒಂದು ವರ್ಷ ಪಂದ್ಯವಾಡದೆ ಕಾದು, 1979ರಲ್ಲಿ ಆ ತಂಡವನ್ನು ಒಂದೂ ಸೋಲಿಲ್ಲದೆ ರಾಷ್ಟ್ರೀಯ ಅಂತಿಮ ಪಂದ್ಯದವರೆಗೆ ಒಯ್ದನು. ಇತ್ತ ನೈಟ್ ಅವರ ತಂಡವು 1976ರಲ್ಲಿ ಅಜೇಯವಾಗಿ ಪ್ರಶಸ್ತಿ ಪಡೆಯಿತು. ಅವರ ಶಿಸ್ತು ಅನೇಕರನ್ನು ಬೆಳೆಸಿತು. ಆದರೆ 1997ರ ಅಭ್ಯಾಸದ ವೇಳೆಯಲ್ಲಿ ಅವರು ಒಬ್ಬ ಆಟಗಾರನ ಕೊರಳಿಗೆ ಕೈ ಹಾಕಿದ ಚಿತ್ರ 2000ದಲ್ಲಿ ಹೊರಬಿತ್ತು. ಅದೇ ವರ್ಷ ವಿಶ್ವವಿದ್ಯಾಲಯವು ಅವರನ್ನು ಕೆಲಸದಿಂದ ತೆಗೆಯಿತು. ಆ ಆಟಗಾರನು ಅಷ್ಟರಲ್ಲಿ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿದ್ದನು.

ಅಮೆರಿಕದ ಕಾಲೇಜು ಕ್ರೀಡೆಗಳಲ್ಲಿ, ತಂಡ ಬದಲಿಸಿದ ಬಾಸ್ಕೆಟ್‌ಬಾಲ್ ಆಟಗಾರನು ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂಡಬೇಕೆಂಬ ನಿಯಮ ಬಹುಕಾಲವಿತ್ತು. 2021ರಲ್ಲಿ ಅದನ್ನು ಸಡಿಲಿಸಿ, ಒಂದು ಸಲ ಬದಲಿಸಿದರೆ ಕೂಡಲೇ ಆಡಬಹುದೆಂದರು. 2024ರಲ್ಲಿ ಆ ಒಂದು ಸಲದ ಮಿತಿಯೂ ಹೋಯಿತು. ಓದಿನಲ್ಲಿ ಹಿಂದೆ ಬೀಳದಿದ್ದರೆ ಸಾಕೆಂದರು. ಇದನ್ನು ವಿವರಿಸುತ್ತಿರುವಾಗ ನಮ್ಮ ಮಾತು ತಡವರಿಸಿತು. ಅವರ ಒಂದು ವರ್ಷದ ಕಟ್ಟಳೆ ಬರೆದು ಪ್ರಕಟಿಸಿದ್ದಾಗಿತ್ತು. ನಾವು ಅದೇ ಶಿಕ್ಷೆಯನ್ನು ಒಂದು ಸೆಳೆಖಾನೆಯೊಳಗಿಂದ, ಯಾರಿಗೂ ತಿಳಿಯದಂತೆ ವಿಧಿಸಿದ್ದೆವು.

ಪದ್ಧತಿ ಒಗ್ಗದಿದ್ದಾಗ ಹೊರಡುವವನು ಆಟಗಾರನೇ ಆಗಬೇಕೆಂದಿಲ್ಲ. ನಮ್ಮ ಕನ್ನಡಿಗರಾದ ಅನಿಲ್ ಕುಂಬ್ಳೆಯವರು 2016ರ ಜೂನಿನಲ್ಲಿ ಭಾರತದ ಕ್ರಿಕೆಟ್ ತಂಡದ ತರಬೇತುದಾರರಾದರು. ಅವರ ಕಾಲದಲ್ಲಿ ತಂಡವು 17 ಟೆಸ್ಟ್ ಪಂದ್ಯಗಳನ್ನಾಡಿ 12ರಲ್ಲಿ ಗೆದ್ದಿತು. ಸೋತದ್ದು ಒಂದೇ, ಅದೂ ನಮ್ಮ ಪುಣೆಯ ಗಹುಂಜೆಯಲ್ಲಿ, 2017ರ ಫೆಬ್ರುವರಿಯಲ್ಲಿ, ಆಸ್ಟ್ರೇಲಿಯದೆದುರು. ಇಷ್ಟಿದ್ದರೂ ಅದೇ ವರ್ಷದ ಜೂನ್ 20ರಂದು ಅವರು ಸ್ಥಾನವನ್ನು ಬಿಟ್ಟರು. ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕರಿಗೆ ಅಸಮಾಧಾನವಿದೆಯೆಂಬುದು ಹಿಂದಿನ ದಿನವಷ್ಟೇ, ಮೊದಲ ಬಾರಿಗೆ, ಕ್ರಿಕೆಟ್ ಮಂಡಳಿಯವರಿಂದ ತಿಳಿಯಿತೆಂದು ಅವರು ತಮ್ಮ ಹೇಳಿಕೆಯಲ್ಲಿ ಬರೆದರು. ಸರಿ ಯಾರದು, ತಪ್ಪು ಯಾರದು ಎಂಬ ತೀರ್ಪು ನಮ್ಮ ಕೆಲಸವಲ್ಲ. ವರ್ಷವೆಲ್ಲ ಜೊತೆಗಿದ್ದವರ ನಡುವಿನ ಮಾತು ಮೂರನೆಯವರ ಬಾಯಿಂದ ಕಿವಿಗೆ ಬಿದ್ದಿತಲ್ಲ, ನಮ್ಮನ್ನು ಯೋಚನೆಗೆ ಹಚ್ಚಿದ್ದು ಅದು.

ಇಷ್ಟು ಹೇಳಿ ನಾವು ಕೇಳಿದೆವು: "ನನಗೆ ಹೇಳಿದ ಈ ಮಾತನ್ನು ನೀನು ಕೋಚ್ ಅವರಿಗೆ ಹೇಳಿದ್ದೀಯಾ?"

"ಇಲ್ರಿ."

"ನಾಲ್ಕು ಪಾಸು ಏಕೆ ಬೇಕೆಂದು ಅವರನ್ನು ಕೇಳಿದ್ದೀಯಾ?"

"ಇಲ್ರಿ ಸರ್."

"ಹಾಗಾದರೆ ಮೊದಲು ಹೋಗಿ ಕೇಳು. ನಿನಗೆ ಬರುವಷ್ಟು ಮರಾಠಿಯಲ್ಲಿಯೇ ಕೇಳು. ಆಮೇಲೂ ಒಗ್ಗದಿದ್ದರೆ ಹೋಗು, ಅದು ಪಾಪವಲ್ಲ. ಆದರೆ ಹಿಂದಿನ ಬಾಗಿಲಿನಿಂದ ಹೋಗಬೇಡ. ದಾಖಲೆಗೆ ತೊಡಕಾದರೆ ನಾವೇ ಬರುತ್ತೇವೆ."

ಅವನು ಹೋಗಿ ಕೇಳಿದನು. ತರಬೇತುದಾರರು ತಾಳ್ಮೆಯಿಂದ ಕೇಳಿ, ತಂಡದಲ್ಲಿ ಗಿಡ್ಡರೇ ಹೆಚ್ಚು, ಎದುರಾಳಿಗಳನ್ನು ಓಡಿಸಿ ದಣಿಸದೆ ಗೆಲ್ಲುವಂತಿಲ್ಲ ಎಂದು ಕಾರಣ ಹೇಳಿದರಂತೆ. ತಮ್ಮ ಪದ್ಧತಿಯನ್ನು ಬದಲಿಸಲಿಲ್ಲ. ಹುಡುಗನು ಆ ವರ್ಷ ಮುಗಿಯುವವರೆಗೆ ಅವರ ಹೇಳಿಕೆಯಂತೆ ಆಡಿ, 2025ರ ಬೇಸಿಗೆಯಲ್ಲಿ ಬೇರೆ ಕಾಲೇಜಿಗೆ ಸೇರಿದನು. ಬೇಕಾದ ಕಾಗದಗಳನ್ನು ಆ ತರಬೇತುದಾರರೇ ಕಚೇರಿಗೆ ಜೊತೆಯಾಗಿ ಹೋಗಿ ಕೊಡಿಸಿದರು. ಈ ಸುದ್ದಿಯನ್ನು ಕೇಳಿದ ರಾತ್ರಿ ನಮಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅವರ ಹೆಸರನ್ನು ಸಹ ನಾವರಿಯೆವು. ಆದರೆ ಶಿಕ್ಷಕನು ಮಾಡಬೇಕಾದುದನ್ನು ಅವರು ಮಾಡಿದ್ದರು.

2025ರ ದೀಪಾವಳಿಯಲ್ಲಿ ನಾವು ಆ ಎತ್ತರದ ಹುಡುಗನ ಮನೆಯನ್ನು ಹುಡುಕಿಕೊಂಡು ಹೋದೆವು. ಅವನು ಆಟವನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಒಂದು ಕಾರಖಾನೆಯಲ್ಲಿ ಕೆಲಸಕ್ಕಿದ್ದನು. ನಾಲ್ಕು ದಿನಗಳ ಸಂಗತಿಯನ್ನು ನಾವಾಗಿ ಹೇಳಿ ಕ್ಷಮೆ ಬೇಡಿದೆವು. "ನನಗ ಆವಾಗ ಗೊತ್ತಿತ್ರಿ ಸರ್" ಎಂದಷ್ಟೇ ಅಂದು ಅವನು ನಮಗೆ ಚಕ್ಕಲಿ ತಂದಿಟ್ಟನು. ಅವನ ತಂದೆ ಒಳಗಿನಿಂದ ಬಂದು ಅಂದಿನಂತೆಯೇ ಕೈ ಜೋಡಿಸಿದರು. ಆ ಕೈಗಳನ್ನು ನೋಡುವುದು ನಮಗೆ ಕಷ್ಟವಾಯಿತು.

ಮಕ್ಕಳೇ, ನಿಮ್ಮಲ್ಲಿ ಅನೇಕರು ತಂದೆತಾಯಿಗಳ ಕೆಲಸದ ಬೆನ್ನು ಹತ್ತಿ ಊರು ಬದಲಿಸುವಿರಿ, ಶಾಲೆ ಬದಲಿಸುವಿರಿ; ಕೆಲವರು ತಂಡವನ್ನೂ ಬದಲಿಸುವಿರಿ. ಹೋಗುವ ಮೊದಲು ನಿಮ್ಮ ಮನಸ್ಸಿನ ಮಾತನ್ನು ನಮಗೆ ಎದುರಿಗೇ ಹೇಳಿರಿ. ನಮ್ಮ ಕಾರಣವನ್ನೂ ಕೇಳಿರಿ. ಆ ಮೇಲೆ ಹೋಗುವುದಾದರೆ ನಗುತ್ತ ಹೋಗಿರಿ. ನಮ್ಮ ಮೇಜಿನ ಸೆಳೆಖಾನೆಯಲ್ಲಿ ಈಗ ಸುಣ್ಣದ ಕಡ್ಡಿ ಮತ್ತು ಕೆಂಪು ಶಾಯಿಯ ಪೆನ್ನು ಮಾತ್ರ ಇರುತ್ತವೆ. ದಾಖಲೆಯ ಅರ್ಜಿಗೆ ಅದು ಬಂದ ದಿನವೇ ಸಹಿ ಬೀಳುತ್ತದೆ.