ಬರದ ನಾಡಿನಲ್ಲಿ ವಸಂತ

ವಸಂತವೆಂದೊಡನೆ ಮಾವಿನ ಚಿಗುರನ್ನೂ ಕೋಗಿಲೆಯ ದನಿಯನ್ನೂ ನೆನೆಯುವುದು ನಮಗೆ ಕಾವ್ಯಗಳಿಂದ ಬಂದ ಅಭ್ಯಾಸ. ವಿಜಯಪುರ ಜಿಲ್ಲೆಯ ವಸಂತದ ಬಗೆಯೇ ಬೇರೆ. ಹಿಂಗಾರಿನ ಜೋಳದ ಕಟಾವು ಮುಗಿದು, ಎರೆಯ ಹೊಲಗಳು ಅಂಗೈ ಹಿಡಿಸುವಷ್ಟು ಅಗಲವಾಗಿ ಬಿರುಕು ಬಿಟ್ಟು ಮಲಗಿರುತ್ತವೆ. ಕಣ್ಣಿಗೆ ತಂಪೆಂದರೆ ಊರಂಚಿನ ಬೇವಿನ ಮರಗಳು ಮಾತ್ರ. ಯುಗಾದಿಯ ಹೊತ್ತಿಗೆ ಅವು ಬಿಳಿಯ ಹೂವನ್ನು ಅಂಗಳದ ತುಂಬ ಚೆಲ್ಲುತ್ತವೆ. ಬೇವಿನೊಡನೆ ಬೆಲ್ಲವನ್ನು ಬೆರೆಸಿ ತಿನ್ನುವ ಹಬ್ಬಕ್ಕೆ ಇದಕ್ಕಿಂತ ತಕ್ಕ ನಾಡು ಮತ್ತೊಂದಿರಲಾರದು.

ಜಪಾನಿನ ಜನ ಚೆರ್ರಿ ಹೂ ಅರಳುವ ಕಾಲಕ್ಕೆ ಹಳೆಯ ಪಟ್ಟಣಗಳಿಗೆ ಪಯಣ ಹೊರಡುವುದು ಬಹುಕಾಲದ ವಾಡಿಕೆ. 1945ರಲ್ಲಿ ಅಣುಬಾಂಬಿಗೆ ತುತ್ತಾದ ಹಿರೋಶಿಮಾದ ನದೀತೀರದಲ್ಲಿ ಇಂದು ಸಾಲು ಚೆರ್ರಿ ಮರಗಳು ಹೂ ಬಿಡುತ್ತವೆ. 2016ರ ಏಪ್ರಿಲ್ ತಿಂಗಳ ಭೂಕಂಪದಲ್ಲಿ ಜರ್ಜರಿತವಾದ ಕುಮಾಮೋಟೊ ಕೋಟೆಯ ಮುಖ್ಯ ಗೋಪುರವನ್ನು ದುರಸ್ತಿ ಮಾಡಿ 2021ರಲ್ಲಿ ಜನರಿಗೆ ತೆರೆದರು. ಅಲ್ಲಿಗೆ ಹೋದವರು ಹೂವನ್ನು ನೋಡುವಂತೆಯೇ, ಬಿದ್ದ ಊರು ಎದ್ದು ನಿಂತ ಬಗೆಯನ್ನೂ ನೋಡಿ ಬರುತ್ತಾರೆ. ಅಂಥದೊಂದು ಪಯಣಕ್ಕೆ ಕಡಲು ದಾಟಬೇಕಾಗಿಲ್ಲ. ಗೋಲಗುಮ್ಮಟವನ್ನು ನೋಡಿ ಹಿಂದಿರುಗುವ ಪ್ರವಾಸಿಗರು ಬಸ್ಸಿನ ಫಲಕದ ಮೇಲಷ್ಟೇ ಓದುವ ಹೆಸರುಗಳು ನಾಲ್ಕುಂಟು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈಚಿನ ವರ್ಷಗಳಲ್ಲಿ ಇವುಗಳ ಒಡಲಿನಿಂದ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ಕೊಲ್ಹಾರ, ನಿಡಗುಂದಿ ಮುಂತಾದ ಹೊಸ ತಾಲ್ಲೂಕುಗಳು ಹುಟ್ಟಿವೆ. ನಾವು ಹಳೆಯ ಎಲ್ಲೆಯನ್ನೇ ಹಿಡಿದು, ಉತ್ತರದ ಭೀಮೆಯಿಂದ ದಕ್ಷಿಣದ ಕೃಷ್ಣೆಯವರೆಗೆ ಸಾಗೋಣ.

ಬರ ತಂದ ರೈಲು

ಸೊಲ್ಲಾಪುರದ ಕಡೆಯಿಂದ ಬರುವವರಿಗೆ ಇಂಡಿ ರೋಡ್ ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಈ ಹಳಿಯ ಹುಟ್ಟಿಗೇ ಒಂದು ಕಥೆಯುಂಟು. 1876ರಿಂದ 78ರವರೆಗಿನ ಬರ ಈ ಸೀಮೆಯನ್ನು ಹಿಂಡಿಹಾಕಿತು. ಆಗ ಇದು ಕಲಾದಗಿ ಜಿಲ್ಲೆ. 1872ರ ಜನಗಣತಿಯಲ್ಲಿ 8 ಲಕ್ಷ 16 ಸಾವಿರದಷ್ಟಿದ್ದ ಜನ 1881ರಲ್ಲಿ ಉಳಿದದ್ದು 6 ಲಕ್ಷ 38 ಸಾವಿರ ಮಾತ್ರ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಒಂದೋ ಸತ್ತರು, ಇಲ್ಲವೇ ದಿಕ್ಕು ಹಿಡಿದು ಹೋದರು. ಬೇರೆ ಸೀಮೆಗಳಿಂದ ಕಾಳನ್ನು ಹೊತ್ತು ತರಲು ಎತ್ತುಗಳೇ ಬದುಕಿ ಉಳಿದಿರಲಿಲ್ಲ. ಆ ಪಾಠವನ್ನು ಕಲಿತ ಮೇಲೆ 1884ರಲ್ಲಿ ಹೊಟಗಿಯಿಂದ ಗದಗಿಗೆ ರೈಲು ಓಡಿತು. ಇಂದು ಹಳಿ ಅಗಲವಾಗಿದೆ, ಗಾಡಿಗಳಿಗೆ ವೇಗ ಬಂದಿದೆ. ಆದರೆ ಕಿಟಕಿಯಾಚೆಯ ಬಯಲು ಮಾತ್ರ ಈಗಲೂ ಆಕಾಶದ ಕಡೆಗೇ ನೋಡುತ್ತದೆ.

ಇಂಡಿಯ ವಸಂತಕ್ಕೆ ನಿಂಬೆಯ ಕಂಪುಂಟು. ಇಲ್ಲಿಯ ತೆಳುತೊಗಟೆಯ, ರಸಭರಿತವಾದ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಬೇಸಿಗೆಯಲ್ಲಿ ಹಣ್ಣಿಗೆ ಬೆಲೆ ಏರುವುದು ಲಾಭದ ಮಾತು. ಅದೇ ಬೇಸಿಗೆಯಲ್ಲಿ ಬಾವಿ ಬತ್ತುವುದು ಪೇಚಿನ ಮಾತು. ಮಳೆ ಕೈಕೊಟ್ಟ ವರ್ಷಗಳಲ್ಲಿ ರೈತರು ಟ್ಯಾಂಕರಿನಿಂದ ನೀರು ತರಿಸಿ, ಮಕ್ಕಳಿಗೆ ಔಷಧ ಕುಡಿಸುವಂತೆ ಒಂದೊಂದೇ ಗಿಡದ ಬುಡಕ್ಕೆ ಎರೆದು ತೋಟವನ್ನು ಉಳಿಸಿಕೊಂಡದ್ದುಂಟು. ತೋಟವೊಂದರ ಅಂಚಿನಲ್ಲಿ ನಮಗೆ ಸಿಕ್ಕ ಹಿರಿಯರು ಅದನ್ನು ಎರಡೇ ಮಾತಿನಲ್ಲಿ ಹೇಳಿದರು: “ಜ್ವಾಳ ಹೋದ್ರ ಒಂದು ವರ್ಸ ಹೋಕ್ಕೈತ್ರಿ. ಗಿಡ ಹೋದ್ರ ಮತ್ತ ಐದಾರು ವರ್ಸ ಕಾಯಬೇಕು, ಅದಕ್ಕ ಮನ್ಯಾಗಿನ ಬಂಗಾರ ಒತ್ತಿ ಇಟ್ಟು ನೀರು ಹಾಕೇವಿ.”

ಇಷ್ಟು ಕಷ್ಟದ ನೆಲದಲ್ಲಿ ವಿದ್ಯೆಗೇನೂ ಬರವಿರಲಿಲ್ಲ. ಇಂಡಿಗೆ ಸಮೀಪದ ಸಾಲೋಟಗಿಯಲ್ಲಿ ಹತ್ತನೆಯ ಶತಮಾನದಲ್ಲೇ ದೊಡ್ಡದೊಂದು ವಿದ್ಯಾಶಾಲೆಯಿತ್ತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬವನು ಅದನ್ನು ಕಟ್ಟಿಸಿದನೆಂದು 945ರ ಶಾಸನ ಹೇಳುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳು, ಖರ್ಚಿಗೆಂದು 500 ನಿವರ್ತನ ಭೂಮಿ. ಅದು ಸಾಲದೆಂದು ಊರಿನಲ್ಲಿ ನಡೆಯುವ ಪ್ರತಿಯೊಂದು ಮದುವೆಯಿಂದಲೂ ಶಾಲೆಗೆ ಐದು ನಾಣ್ಯ ಸಲ್ಲಬೇಕೆಂಬ ಕಟ್ಟಳೆ ಬೇರೆ!

ಇಂಡಿಯ ಉತ್ತರಕ್ಕೆ, ಭೀಮೆಯ ಕಡೆಗಿರುವ ಹಲಸಂಗಿಯನ್ನು ಕನ್ನಡ ಸಾಹಿತ್ಯ ಬಲ್ಲವರು ಮರೆಯುವಂತಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಇವರೆಲ್ಲ ‘ಹಲಸಂಗಿ ಗೆಳೆಯರು’ ಎಂದೇ ಹೆಸರಾದರು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಳ್ಳುತ್ತಿದ್ದ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದವರು ಇವರೇ. ಮುಂದೆ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು. ಹಾಡು ಮಾತ್ರ ಉಳಿಯಿತು.

ಭೀಮೆಯ ಎರಡು ಮುಖ

ಇಂಡಿಯಿಂದ ಸಿಂದಗಿಯ ಕಡೆಗೆ ತಿರುಗಿದರೆ ಉತ್ತರದ ಎಲ್ಲೆಯುದ್ದಕ್ಕೂ ಭೀಮೆ ಜೊತೆಗೂಡುತ್ತಾಳೆ. ಚೈತ್ರದಲ್ಲಿ ಅವಳನ್ನು ಕಂಡವರು, ಈ ಬಡಕಲು ನದಿ ಮನೆಗಳನ್ನು ಮುಳುಗಿಸಬಲ್ಲದೆಂದರೆ ನಂಬಲಾರರು. ಆದರೆ 2020ರ ಅಕ್ಟೋಬರಿನಲ್ಲಿಯೂ 2025ರ ಸೆಪ್ಟೆಂಬರಿನಲ್ಲಿಯೂ ಮೇಲಿನ ಮಹಾರಾಷ್ಟ್ರದಲ್ಲಿ ಸುರಿದ ಮಳೆಯಿಂದ ಅವಳು ದಡ ಮೀರಿ ಹರಿದು, ಕಬ್ಬನ್ನೂ ತೊಗರಿಯನ್ನೂ ಹಾಳುಗೆಡವಿ, ಊರೊಳಗೆ ನುಗ್ಗಿದಳು. ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ಕೊಡ ಹಿಡಿದು ನಿಂತವರೇ ಮಳೆಗಾಲದ ಕೊನೆಗೆ ಶಾಲೆಯ ಜಗಲಿಯ ಮೇಲೆ ಆಶ್ರಯ ಪಡೆಯಬೇಕಾಗಿ ಬರುವುದು ಈ ತೀರದ ವಿಚಿತ್ರ ವಿಧಿ.

ಸಿಂದಗಿ ನೋಡುವುದಕ್ಕೆ ಸಾಧಾರಣವಾದ ಪೇಟೆಯ ಊರು. ಆದರೆ 1824ರಷ್ಟು ಹಿಂದೆಯೇ ದಿವಾಕರ ದೀಕ್ಷಿತನೆಂಬವನು ಇಲ್ಲಿ ಬಂಡೆದ್ದು, ಕಂಪನಿ ಸರಕಾರವನ್ನು ಧಿಕ್ಕರಿಸಿ, ತನ್ನದೇ ಆಡಳಿತವನ್ನು ಹೂಡಿ ಕಂದಾಯ ವಸೂಲಿಗೂ ಏರ್ಪಾಡು ಮಾಡಿದ್ದನು. ಹೈದರಾಬಾದ್ ವಿಮೋಚನೆಯ ಮುಂದಾಳು ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಹುಟ್ಟಿದ ಊರೂ ಇದೇ.

ಇಂದು ಸಿಂದಗಿಯ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತರೆ ಈ ಸೀಮೆಯ ಮತ್ತೊಂದು ಚರಿತ್ರೆ ಕಣ್ಣಿಗೆ ಬೀಳುತ್ತದೆ. ಸುಗ್ಗಿ ಮುಗಿಯುತ್ತಲೇ ಪುಣೆಗೆ, ಮುಂಬಯಿಗೆ, ಗೋವೆಗೆ, ಬೆಂಗಳೂರಿಗೆ ಕೂಲಿಗಾಗಿ ಹೊರಡುವ ಸಂಸಾರಗಳು, ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು. ಇದನ್ನು ಇಲ್ಲಿಯವರು ‘ಗುಳೆ’ ಎನ್ನುತ್ತಾರೆ. ವಸಂತವೆಂದರೆ ಇಲ್ಲಿ ಹಕ್ಕಿ ಬರುವ ಕಾಲವಲ್ಲ, ಮನುಷ್ಯರು ಹೋಗುವ ಕಾಲ. ಹಬ್ಬಕ್ಕೋ ಊರ ಜಾತ್ರೆಗೋ ಅವರು ನಾಲ್ಕು ದಿನ ಮರಳಿ ಬಂದಾಗ ಮುಚ್ಚಿದ ಮನೆಗಳ ಬಾಗಿಲು ತೆರೆಯುತ್ತವೆ, ಒಲೆ ಉರಿಯುತ್ತದೆ, ಓಣಿಗೆ ಜೀವ ಬರುತ್ತದೆ.

ಡೋಣಿಯ ಸಿರಿ, ಕದನದ ನೆನಪು

ದಕ್ಷಿಣಕ್ಕೆ ಸಾಗಿದಂತೆ ಡೋಣಿಯ ಕಣಿವೆ ಬರುತ್ತದೆ. ಇದರ ನೀರು ಉಪ್ಪು, ಆದರೆ ದಂಡೆಯ ಎರೆ ಜೋಳಕ್ಕೆ ಬಂಗಾರ. ಡೋಣಿಯ ಬಯಲು ಬೆಳೆದ ವರ್ಷ ಉಣ್ಣುವವರು ಸಾಲರು, ಬೆಳೆಯದ ವರ್ಷ ಉಣ್ಣಲು ಸಾಲದು ಎಂಬರ್ಥದ ನಾಣ್ನುಡಿ ಈ ಕಡೆ ಪ್ರಸಿದ್ಧ. ಮಳೆ ಹೆಚ್ಚಾದರೆ ಇದೇ ಡೋಣಿ ತಾಳಿಕೋಟೆಯ ದಾರಿಗಳನ್ನು ಕಡಿದುಹಾಕುವುದೂ ಉಂಟು.

ತಾಳಿಕೋಟೆಯ ಹೆಸರನ್ನು ಶಾಲೆಯ ಮಕ್ಕಳೆಲ್ಲ ಬಲ್ಲರು. 1565ರ ಜನವರಿಯಲ್ಲಿ ದಖನ್ನಿನ ಸುಲ್ತಾನರು ಒಂದಾಗಿ ಅಳಿಯ ರಾಮರಾಯನನ್ನು ಸೋಲಿಸಿದ ಆ ಕದನಕ್ಕೆ ಈ ಊರಿನ ಹೆಸರು ಅಂಟಿಕೊಂಡಿತು. ಆದರೆ ಕಾದಾಡಿದ ನೆಲ ಇದಲ್ಲ, ಇನ್ನೂ ದಕ್ಷಿಣದ ಕೃಷ್ಣಾತೀರ. ಆದುದರಿಂದಲೇ ಅದನ್ನು ರಕ್ಕಸಗಿ-ತಂಗಡಗಿಯ ಕದನವೆಂದೂ ಕರೆಯುವರು. ಮುದ್ದೇಬಿಹಾಳವನ್ನು ದಾಟಿ ತಂಗಡಗಿಯ ದಡದಲ್ಲಿ ನಿಂತಾಗ ನಮ್ಮ ಕಣ್ಣು ಹುಡುಕಿದ್ದು ಕೋಟೆಯ ತುಂಡನ್ನೋ ವೀರಗಲ್ಲನ್ನೋ. ಕಂಡದ್ದು ಮಾತ್ರ ವಿಶಾಲವಾದ, ನಿಶ್ಚಲವಾದ ನೀರು. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಇಲ್ಲಿಯವರೆಗೂ ಹಬ್ಬಿದೆ. ಬಸವಣ್ಣನವರ ಪತ್ನಿ ನೀಲಾಂಬಿಕೆ ಐಕ್ಯಳಾದಳೆಂದು ನಂಬಿರುವ ಪುಣ್ಯಸ್ಥಳ ಈ ತೀರದಲ್ಲಿದೆ. ಒಂದು ಸಾಮ್ರಾಜ್ಯ ಮುಳುಗಿದ ದಡದಲ್ಲಿ ನಾಲ್ಕು ಶತಮಾನಗಳ ಮೇಲೆ ಹಳ್ಳಿಗಳೂ ಮುಳುಗಿದವು. ಮೊದಲನೆಯದನ್ನು ಪುಸ್ತಕಗಳು ಬರೆದಿಟ್ಟಿವೆ, ಎರಡನೆಯದನ್ನು ಮುದುಕರ ಬಾಯಿಂದ ಕೇಳಬೇಕು.

ಬಾಗೇವಾಡಿ ಮತ್ತು ಕೃಷ್ಣೆ

ಬಸವನ ಬಾಗೇವಾಡಿಗೆ ಬರುವವರು ಬಸವೇಶ್ವರ ದೇವಾಲಯವನ್ನೂ ಬಸವ ಸ್ಮಾರಕವನ್ನೂ ಕಂಡು ಕೈಮುಗಿಯುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಬಾಲಕ ಬಸವಣ್ಣನು ಜನಿವಾರವನ್ನು ಒಲ್ಲದೆ ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದದ್ದು ಇಲ್ಲಿಂದ. ಶರಣರ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಹುದುಗಿಹೋಗಿದ್ದಾಗ, ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ತಮ್ಮ ಗಳಿಕೆಯನ್ನೆಲ್ಲ ಸುರಿದು ಅವುಗಳನ್ನು ಅಚ್ಚಿಗೆ ತಂದರು. ಇದೂ ಒಂದು ಪುನರುಜ್ಜೀವನವೇ ಅಲ್ಲವೆ?

ಆದರೆ ಈ ತಾಲ್ಲೂಕಿನ ಹಿರಿದಾದ ಕಥೆಯಿರುವುದು ಆಲಮಟ್ಟಿಯಲ್ಲಿ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ನಾಡಿಗೆ ಅರ್ಪಿಸಿದರು. ಶಾಸ್ತ್ರಿಯವರ ಹೆಸರನ್ನೇ ಹೊತ್ತ ಜಲಾಶಯದಲ್ಲಿ 519.6 ಮೀಟರ್ ಮಟ್ಟಕ್ಕೆ ಸುಮಾರು 123 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಪ್ರವಾಸಿಗರು ಅಲ್ಲಿಯ ಉದ್ಯಾನಗಳಲ್ಲಿ ಅಡ್ಡಾಡಿ, ಸಂಜೆಯ ಕಾರಂಜಿಯನ್ನು ನೋಡಿ ಹಿಂದಿರುಗುತ್ತಾರೆ. ನೀರಿನಡಿಯ ಊರುಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಊರುಗಳನ್ನು ಕಾಣಬೇಕಾದರೆ ವಸಂತದಲ್ಲೇ ಬರಬೇಕು. ಬೇಸಿಗೆ ಏರಿದಂತೆ ಹಿನ್ನೀರು ಇಳಿಯುತ್ತದೆ. ಹಳೆಯ ಗೋಡೆಯ ಬುಡ, ಗುಡಿಯ ಕಟ್ಟೆ ಒಂದೊಂದಾಗಿ ತಲೆಯೆತ್ತುತ್ತವೆ. ಕೊಲ್ಹಾರ ಅಂಥದೊಂದು ಊರು. ಮಣ್ಣಿನ ಕುಡಿಕೆಗಳಲ್ಲಿ ಮಾರುವ ಗಟ್ಟಿ ಮೊಸರಿಗೆ ಅದು ಎಂದಿನಿಂದಲೂ ಹೆಸರುವಾಸಿ. ಹಳೆಯ ಕೊಲ್ಹಾರ ಕೃಷ್ಣೆಯ ಪಾಲಾಗಿ, ಹೊಸ ಕೊಲ್ಹಾರ ದಿಬ್ಬದ ಮೇಲೆ ಎದ್ದಿತು. ಅಗಲವಾದ ನೇರ ಬೀದಿಗಳು, ಸಾಲು ಮನೆಗಳು. ನೆರೆಹೊರೆ ಮಾತ್ರ ಮೊದಲಿನದಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆಯೆಬ್ಬಿಸಿ ಅದನ್ನು ಹಿನ್ನೀರಿನಿಂದ ಕಾಪಾಡಿದರು. ಪ್ರತಿಯೊಬ್ಬರ ಅಂಗಳಕ್ಕೂ ಹಾಗೆ ಗೋಡೆ ಕಟ್ಟಲಾದೀತೆ?

ಈ ನೀರು ಹೋದದ್ದೆಲ್ಲಿಗೆ ಎಂದು ಕೇಳಿದರೆ ನಮ್ಮ ಪಯಣದ ಎರಡು ತುದಿಗಳೂ ಕೂಡುತ್ತವೆ. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳು ಆಲಮಟ್ಟಿಯ ನೀರನ್ನು ಎತ್ತರಕ್ಕೆ ಏರಿಸಿ ಉತ್ತರದ ಒಣ ತಾಲ್ಲೂಕುಗಳಿಗೆ ಹರಿಸುತ್ತವೆ. ನಾರಾಯಣಪುರದ ಎಡದಂಡೆಯಿಂದ ಹೊರಟ ಇಂಡಿ ಶಾಖಾ ಕಾಲುವೆ ಸಿಂದಗಿ, ಇಂಡಿಗಳ ಕಡೆಗೆ ಸಾಗುತ್ತದೆ. ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಎಷ್ಟೋ ಒಣಗಿದ ಕೆರೆಗಳನ್ನು ಹೀಗೆ ತುಂಬಿಸಲಾಗಿದೆ, ಸುತ್ತಲಿನ ಬಾವಿಗಳಲ್ಲಿ ಸೆಲೆ ಮರಳಿದೆ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲುಪದೆಂಬ ದೂರು ಈಗಲೂ ಉಂಟು. ಆದರೂ ಇಂಡಿಯ ನಿಂಬೆಯ ಗಿಡವೊಂದು ಚೈತ್ರದಲ್ಲಿ ಹಸುರಾಗಿ ನಿಂತಿದ್ದರೆ, ಆ ಹಸುರಿನಲ್ಲಿ ಕೃಷ್ಣಾತೀರದ ಯಾರದೋ ಮನೆಯ ಹೊಸ್ತಿಲಿನ ಪಾಲುಂಟು. ಈ ಋಣ ಇನ್ನೂ ಪೂರ್ತಿ ತೀರಿಲ್ಲ. ಅಣೆಕಟ್ಟಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲೇ ಒಪ್ಪಿತು. ಹಾಗೆ ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಯದಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿಯಂತೆ ಪರಿಹಾರ ಕೊಡಲು 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ನಿರ್ಧರಿಸಿತು. ಹಣ ಕೈಸೇರಿದರೆ ಹೊಲವನ್ನು ಬೇರೆಡೆ ಕೊಳ್ಳಬಹುದು. ಊರನ್ನು ಹಾಗೆ ಕೊಳ್ಳಲಾಗದೆಂಬುದನ್ನು ಒಮ್ಮೆ ಎದ್ದುಬಂದವರು ಬಲ್ಲರು.

ಈ ಪ್ರವಾಸ ಕೈಗೊಳ್ಳುವವರು ಯುಗಾದಿಯ ಆಸುಪಾಸಿನಲ್ಲಿ ಹೊರಡುವುದು ಲೇಸು. ಆಮೇಲೆ ಬಿಸಿಲು ತಾಳಲಾಗದು. ವಿಜಯಪುರದಲ್ಲಿ ತಂಗಿ, ನಾಲ್ಕೂ ಊರುಗಳಿಗೆ ಬಸ್ಸಿನಲ್ಲಿ ಹೋಗಿಬರಬಹುದು. ಎಲ್ಲಿ ಹೋದರೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಸಿಗುವುದಕ್ಕೆ ತೊಂದರೆಯಿಲ್ಲ. ಕೊಲ್ಹಾರದಲ್ಲಿ ಇಳಿದು ಒಂದು ಕುಡಿಕೆ ಮೊಸರು ಕೊಳ್ಳಿ. ಮಾರುವ ತಾಯಿಯನ್ನು “ನಿಮ್ಮ ಹಳೇ ಮನಿ ಎಲ್ಲಿತ್ತವ್ವಾ?” ಎಂದು ಕೇಳಿ, ಜೊತೆಗಿರುವ ಮಕ್ಕಳಿಗೆ ಅವರ ಉತ್ತರ ಕೇಳುವಂತೆ ಹತ್ತಿರ ನಿಲ್ಲಿಸಿಕೊಳ್ಳಿ. ಅವರು ಕೈಚಾಚಿ ತೋರಿಸುವುದು ನೀರನ್ನು.