‘ಸ್ಕೂಲ್ ಮಾಸ್ಟರ್’ ನೋಡತಕ್ಕ ಚಿತ್ರವೆ?

ಹಳೆಯ ಸಾಂಸಾರಿಕ ಚಿತ್ರವೆಂದೊಡನೆ ನಮ್ಮ ತರುಣರು ‘ಬರಿಯ ಕಣ್ಣೀರು’ ಎಂದು ಮೂಗು ಮುರಿಯುತ್ತಾರೆ. ಬಿ. ಆರ್. ಪಂತುಲು ಅವರು 1958ರಲ್ಲಿ ನಿರ್ದೇಶಿಸಿದ ‘ಸ್ಕೂಲ್ ಮಾಸ್ಟರ್’ ಚಿತ್ರಕ್ಕೂ ಈ ಮಾತು ತಗಲುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ. ಕಥೆ ನಿಧಾನವಾಗಿ ಸಾಗುತ್ತದೆ. ಸಂಭಾಷಣೆ ಅಲ್ಲಲ್ಲಿ ಉಪದೇಶವಾಗುತ್ತದೆ. ಕಷ್ಟ ಪರಿಹಾರಕ್ಕೆ ಪೊಲೀಸ್ ಅಧಿಕಾರಿಯಾದ ಹಳೆಯ ಶಿಷ್ಯನೇ ಒದಗಿಬರಬೇಕಾಗುತ್ತದೆ.

ಆದರೂ ನೋಡತಕ್ಕದ್ದೆಂದೇ ನಮ್ಮ ಅಭಿಪ್ರಾಯ. ಮಕ್ಕಳು ಮುಪ್ಪಿನ ತಾಯಿತಂದೆಯರನ್ನು ಆಸ್ತಿಯಂತೆ ಹಂಚಿಕೊಂಡಾಗ, ಪಂತುಲು ಮತ್ತು ಎಂ. ವಿ. ರಾಜಮ್ಮನವರ ಅಗಲಿಕೆಯಲ್ಲಿ ತೋರುವ ಒಲವು ಯೌವನದ ಪ್ರಣಯಕ್ಕಿಂತ ಆಳವಾದುದು. ಜೀವಮಾನವೆಲ್ಲ ಪರರ ಮಕ್ಕಳನ್ನು ತಿದ್ದಿದವನಿಗೆ ಸ್ವಂತ ಮನೆಯಲ್ಲಿ ನೆಲೆಯಿಲ್ಲವೆಂಬುದು ಅಧ್ಯಾಪಕರಾದವರನ್ನು ಕಲಕದೆ ಬಿಡದು.

ಇದೇ ಕಥೆ 1972ರಲ್ಲಿ ಎನ್. ಟಿ. ರಾಮರಾವ್ ಅವರು ನಟಿಸಿದ ‘ಬಡಿ ಪಂತುಲು’ ಆಗಿ ತೆಲುಗಿನಲ್ಲಿ ಬಂದಿತು. ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ನಮಗೆ ತೆಲುಗೂ ಪರಿಚಿತವೇ. ಹಾಗಿರಲು ಕನ್ನಡದ್ದೇ ಏಕೆ? 1956ರಲ್ಲಿ ಬೀದರ, ಗುಲಬರ್ಗಾ ಜಿಲ್ಲೆಗಳಿಂದ ಅಗಲಿದ ಸೀಮೆ ನಮ್ಮದು. ಮನೆ ಪಾಲಾದ ಮೇಲೆ ಉಳಿಯುವುದು ಮಾತೊಂದೇ. ನಮ್ಮ ವಿದ್ಯಾರ್ಥಿಗಳು ಗುರುವಿನ ಸಂಕಟವನ್ನು ಪಾಠ ಕಲಿತ ನುಡಿಯಲ್ಲಿಯೇ ಕೇಳಲಿ. ಕಣ್ಣೀರು ಹೆಚ್ಚಾಯಿತೆ ಎಂಬುದನ್ನು ಅನಂತರ ಚರ್ಚಿಸಲಿ.