ಹೊಸ ಟೈರು, ಹಳೆಯ ಕೈ

ಹೊಸ ಕನ್ನಡಕ ಧರಿಸಿದ ದಿನ ಮನೆಯ ಹಿರಿಯರು ಮೆಟ್ಟಿಲಿಳಿಯುವಾಗ ತಡವರಿಸುವುದನ್ನು ಯಾರು ನೋಡಿಲ್ಲ? ಕನ್ನಡಕವೇನೋ ಒಳ್ಳೆಯದೇ, ಹಳೆಯ ಮಬ್ಬಿಗೆ ಒಗ್ಗಿದ ಕಾಲಿಗೆ ಅದಿನ್ನೂ ತಿಳಿದಿರುವುದಿಲ್ಲ. ಬೆಂಗಳೂರಿನ ಹೊರವಲಯದ ಕಾರ್ಟ್ ಪಂದ್ಯದ ಅಂಗಳವೊಂದರಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿಗೆ ಒದಗಿದ ಸಂಕಟವೂ ಇಂಥದೇ.

ಕಾರ್ಟ್ ಎಂದರೆ ಆಟಿಕೆಯಂತೆ ಕಾಣುವ ಪುಟ್ಟ ಪಂದ್ಯದ ಬಂಡಿ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬಾತ ಕೊಳವೆಗಳ ಚೌಕಟ್ಟಿಗೆ ಸಣ್ಣದೊಂದು ಎಂಜಿನು ಜೋಡಿಸಿ ಮೊದಲನೆಯದನ್ನು ಕಟ್ಟಿದನು. ಇದಕ್ಕೆ ಸ್ಪ್ರಿಂಗುಗಳಿಲ್ಲ, ಡಿಫರೆನ್ಷಿಯಲ್ ಇಲ್ಲ. ಹಿಂಬದಿಯ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದುಕೊಂಡು ಒಂದೇ ವೇಗದಲ್ಲಿ ಸುತ್ತುತ್ತವೆ. ತಿರುವಿನಲ್ಲಾದರೋ ಹೊರಚಕ್ರ ಹೆಚ್ಚು ದೂರವನ್ನೂ ಒಳಚಕ್ರ ಕಡಮೆ ದೂರವನ್ನೂ ಕ್ರಮಿಸಬೇಕಷ್ಟೆ. ಈ ಜಗಳ ಬಿಡಿಸುವುದಕ್ಕಾಗಿ ಚೌಕಟ್ಟೇ ಬಾಗಿ, ಹಿಂದಿನ ಒಳಚಕ್ರವನ್ನು ನೆಲದಿಂದ ಕೊಂಚ ಎತ್ತಿಕೊಡುತ್ತದೆ.

ಆ ವರ್ಷ ಪಂದ್ಯದ ನಿಯಮ ಬದಲಾಗಿ ಎಲ್ಲರಿಗೂ ಬೇರೊಂದು ಟೈರು ಬಂದಿತು. ಹಳೆಯದಕ್ಕಿಂತ ಮೆದು, ನೆಲ ಹಿಡಿಯುವ ಗುಣವೂ ಹೆಚ್ಚು. ಹುಡುಗ ಹಿಗ್ಗಿದ. ಆದರೆ ಮೊದಲ ದಿನವೇ ಸುತ್ತಿನ ವೇಳೆ ಹಳೆಯದಕ್ಕಿಂತ ಹಿಂದೆ ಬಿದ್ದಿತು. ತಿರುವಿನಲ್ಲಿ ಒಳಚಕ್ರ ಮೇಲೆದ್ದು ಬಂಡಿ ಕುಪ್ಪಳಿಸುತ್ತಿತ್ತು. ತಿರುವು ಮುಗಿದೊಡನೆ ಎಂಜಿನು ಏದುಸಿರು ಬಿಡುತ್ತಿತ್ತು.

"ಅಪ್ಪಾ, ಈ ಚಾಸಿಯಿಂದ ಆಗೋದಿಲ್ಲ. ಬೇರೆಯದು ಬೇಕು" ಎಂದ.

ತಂದೆ ಮಾತಾಡಲಿಲ್ಲ. ಮಗನ ಆಟಕ್ಕೆಂದು ಕೂಡಿಟ್ಟಿದ್ದ ಹಣದಲ್ಲಿ ಉಳಿದಿದ್ದದ್ದು ಇನ್ನೆರಡು ಪಂದ್ಯಗಳ ಖರ್ಚಿಗೆ ಮಾತ್ರ.

"ಸ್ವಾಮಿ, ದುಡ್ಡು ಜೇಬಲ್ಲೇ ಇರಲಿ" ಎಂದರು ಅಲ್ಲಿಯೇ ಕುಳಿತಿದ್ದ ಮುದಿ ಮೇಸ್ತ್ರಿ. "ಹಳೇ ಟೈರಿಗೆ ಹಿಡಿತ ಸಾಲದು ಅಂತ, ಚಕ್ರ ಏಳಲಿ ಅಂತಲೇ ಈ ಬಂಡಿ ಹೊಂದಿಸಿದ್ದು. ಈಗ ಹಿಡಿತ ತಾನಾಗಿ ಬಂದಿದೆ. ಆ ಹೊಂದಿಕೆಯೇ ಹೆಚ್ಚಾಗಿದೆ."

ಹಿಂದಿನ ಚಕ್ರಗಳನ್ನು ಅಚ್ಚಿನ ಮೇಲೆ ತುಸು ಹೊರಕ್ಕೆ ಸರಿಸಿದರು. ಒಳಚಕ್ರ ಏಳುವುದು ತಗ್ಗಿತು. ಒಂದಷ್ಟು ಸುತ್ತು ಓಡಿಸಿ, ವೇಳೆ ಬರೆದುಕೊಂಡ ಮೇಲೆಯೇ ಮುಂಚಕ್ರಗಳ ಕ್ಯಾಸ್ಟರ್ ಓರೆಯನ್ನು ಇಳಿಸಿದರು. ಸ್ಟೇರಿಂಗ್ ತಿರುಗಿಸಿದಾಗ ಒಳಚಕ್ರವನ್ನೆಬ್ಬಿಸುವುದರಲ್ಲಿ ಆ ಓರೆಯದು ದೊಡ್ಡ ಪಾಲು. ಮೂರನೆಯದು ಗಾಳಿ: ಟೈರು ಬಿಸಿಯಾದಂತೆ ಒತ್ತಡ ಏರುವುದರಿಂದ, ತಣ್ಣಗಿರುವಾಗ ಕಡಮೆ ತುಂಬಿ, ಓಡಿ ಬಂದೊಡನೆ ಮತ್ತೆ ಅಳೆದರು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಗುಣ ಯಾವುದರದೆಂದು ತಿಳಿಯುವುದೆಂತು?

ಬಂಡಿ ಕುಪ್ಪಳಿಸುವುದನ್ನು ಬಿಟ್ಟಿತು. ಆದರೂ ವೇಳೆ ಪೂರ್ತಿ ಸುಧಾರಿಸಲಿಲ್ಲ.

"ಇನ್ನೇನು ಬದಲಾಯಿಸೋಣ?" ಎಂದ ಹುಡುಗ.

ಮೇಸ್ತ್ರಿ ಅವನ ಮುಂಗೈ ಮುಟ್ಟಿದರು. "ಇದನ್ನ, ಮರಿ. ಗಡುಸು ಟೈರಿನಲ್ಲಿ ಬಂಡಿಯನ್ನು ತಿರುವಿಗೆ ಎಸೆದು ಜಾರಿಸುತ್ತಿದ್ದೆ. ಇದು ಜಾರುವ ಟೈರಲ್ಲ. ಮೆಲ್ಲಗೆ ತಿರುಗಿಸು, ಉರುಳಲು ಬಿಡು."

ಗೆಲುವು ತಂದಿದ್ದ ಚಾತುರ್ಯವೇ ಈಗ ತೊಡಕೆಂಬ ಮಾತನ್ನು ನುಂಗುವುದು ಆ ವಯಸ್ಸಿಗೆ ಸುಲಭವಲ್ಲ. ಮುನಿಸಿನಲ್ಲೇ ಹೊರಟವನು, ಆರನೆಯ ಸುತ್ತಿನ ಹೊತ್ತಿಗೆ ಮೆತ್ತಗಾದ. ಸಂಜೆ ಗಡಿಯಾರ ಹಳೆಯ ವೇಳೆಯನ್ನೇ ತೋರಿಸಿತು. ಅದಕ್ಕಿಂತ ಒಂದು ಕೂದಲೆಳೆಯೂ ಮೇಲಲ್ಲ.

ತಂದೆ ಜೇಬಿನಿಂದ ಕೈ ತೆಗೆದು ಮೂವರಿಗೂ ಕಾಫಿ ತರಿಸಿದರು. ಹುಡುಗ ಪುಸ್ತಕದಲ್ಲಿ ಅಚ್ಚು, ಓರೆ, ಗಾಳಿಗಳ ಅಳತೆಗಳನ್ನು ಬರೆದು, ಕೊನೆಯಲ್ಲಿ ಒಂದು ಸಾಲು ಸೇರಿಸಿದ: "ಕೈ - ಇನ್ನೂ ಕಲಿಯಬೇಕು."